ಒಟಿಪಿ ಶಾರ್ಜಾಕ್ಕೆ ಹೋಗುತ್ತದೆ

ಸರಕಾರದ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ನನ್ನ ಅಕ್ಷಯ ಕೇಂದ್ರಕ್ಕೆ ಬರುವ ಹೆಂಗಸರನ್ನು ನಾನು ಮೊದಲು ಕೇಳುವುದು ಇದನ್ನೇ: ಆಧಾರ್‌ಗೆ ಜೋಡಿಸಿದ ನಂಬರ್ ಯಾರದ್ದು? ಕೆಲವರು ‘ಅವರದ್ದು’ ಎಂದು ಹೇಳಿ ಸುಮ್ಮನಾಗುತ್ತಾರೆ. ಕೆಲವರು ‘ಅಣ್ಣನದ್ದು’ ಎನ್ನುತ್ತಾರೆ. ‘ಮಗನದ್ದು, ಅವನು ಕತಾರಿನಲ್ಲಿದ್ದಾನೆ’ ಎನ್ನುವವರೂ ಉಂಟು. ಒಬ್ಬ ಅಜ್ಜಿ ‘ಅದು ಬಾವಿಗೆ ಬಿದ್ದಿದೆ’ ಎಂದಿದ್ದರು. ಬಿದ್ದದ್ದು ಫೋನೋ ನಂಬರೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ‘ನನ್ನದೇ’ ಎಂದು ತಟ್ಟನೆ ಹೇಳುವವರು ಬಂದರೆ ನನ್ನ ಕೆಲಸ ಅರ್ಧ ಮುಗಿದ ಹಾಗೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ಪೈಪು-ಪೇಂಟು ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಕೇಂದ್ರ. ಕೆಳಗಿನಿಂದ ಟರ್ಪೆಂಟೈನಿನ ವಾಸನೆ, ಮೇಲಿನಿಂದ ತಗಡಿನ ಕಾವು. ಬರುವವರು ಕನ್ನಡ, ತುಳು, ಮಲಯಾಳ, ಬ್ಯಾರಿ, ಮರಾಠಿ ಎಲ್ಲವನ್ನೂ ಆಡುತ್ತಾರೆ. ತೆರೆಯ ಮೇಲಿನ ಅರ್ಜಿ ಮಾತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಆ ಜಗಳ ಬೇರೆ, ಇನ್ನೊಂದು ದಿನ ಬರೆಯುತ್ತೇನೆ.

ಮಾರ್ಚ್ 8ಕ್ಕೆ ಒಂದು ಕಡೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ ‘ತಂತ್ರಜ್ಞಾನ ಕ್ಷೇತ್ರದಲ್ಲಿ ಮಹಿಳೆ’. ಗುಲಾಬಿ ಹೂ ಕೊಟ್ಟರು, ಶಾಲು ಹೊದೆಸಿದರು, ಮಹಿಳೆ ಸಹನಾಮೂರ್ತಿ ಎಂದು ಉದ್ಘಾಟಕರು ಅರ್ಧ ಗಂಟೆ ಹೇಳಿದರು. ಸಹನೆಯ ಬಗ್ಗೆ ಕೇಳುತ್ತಾ ಕೇಳುತ್ತಾ ನನ್ನ ಸಹನೆ ಮುಗಿಯಿತು. ನನ್ನ ಪಾಲಿಗೆ ಉಳಿದದ್ದು ಊಟಕ್ಕೆ ಮುಂಚಿನ ಐದು ನಿಮಿಷ. ಅಲ್ಲಿ ಹೇಳಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಚೀಟಿ ಕಳುಹಿಸಿ ಬೇಗ ಮುಗಿಸಿ ಎನ್ನುವುದಿಲ್ಲ.

ಈಚೆಗೆ ಬಂದ ಒಬ್ಬ ಹುಡುಗಿಯ ವಿಷಯ ಮೊದಲು. ಎಂಸಿಎ ಓದಿದವಳು, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದವಳು. ಪೈಥಾನ್ ಬಲ್ಲವಳು, ಡೇಟಾಬೇಸ್ ಬಲ್ಲವಳು. ನನ್ನ ಕಂಪ್ಯೂಟರ್ ತೆವಳತೊಡಗಿದಾಗ ಎದುರಿನ ಕುರ್ಚಿಯಿಂದಲೇ ‘ಅಕ್ಕಾ, ಹಿಂದೆ ಏನೋ ಅಪ್‌ಡೇಟ್ ನಡೆಯುತ್ತಿದೆ, ಅದನ್ನು ನಿಲ್ಲಿಸಿ’ ಎಂದಳು. ನೋಡಿದರೆ ಅದೇ ಆಗಿತ್ತು. ಹೆರಿಗೆಗೆ ಅವಳಿಗೆ 26 ವಾರ ಸಂಬಳಸಹಿತ ರಜೆ ಸಿಕ್ಕಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಕೊಟ್ಟ ಹಕ್ಕು ಅದು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನೆಯ ವ್ಯವಸ್ಥೆ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತ್ತು. ಅವಳ ಕಚೇರಿಯದ್ದು ಕಾಗದದಲ್ಲಿ ಇತ್ತಂತೆ. ರಜೆ ಮುಗಿದ ಮರುವಾರ ಮಗುವನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ರಾಜೀನಾಮೆ ಬರೆದು ಊರಿಗೆ ಬಂದಳು.

ಈಗ ಅವಳಿಗೆ ಬೇಕಾಗಿದ್ದದ್ದು ತನ್ನದೇ ಭವಿಷ್ಯನಿಧಿಯ ಹಣ. ಅವಳ ಸಂಬಳದಿಂದ ತಿಂಗಳು ತಿಂಗಳು ಕಡಿತವಾದದ್ದು. ಅರ್ಜಿ ತುಂಬಿಸಿದೆವು, ಬ್ಯಾಂಕ್ ಖಾತೆ ಸರಿ ಇದೆಯೇ ಎಂದು ನೋಡಿದೆವು, ಕೊನೆಯ ಗುಂಡಿ ಒತ್ತಿದೆವು. ಒಟಿಪಿ ಹೋಯಿತು. ಶಾರ್ಜಾಕ್ಕೆ.

ಮದುವೆಯಾದ ಮೇಲೆ ಆಧಾರ್‌ನಲ್ಲಿ ವಿಳಾಸ ಬದಲಿಸಲು ಹೋದಾಗ ಅವಳ ಗಂಡ ಜತೆಗಿದ್ದ. ಮೊಬೈಲ್ ನಂಬರ್ ಎಷ್ಟು ಎಂದು ಕೇಳಿದಾಗ ಅವನು ತನ್ನದನ್ನು ಹೇಳಿದ, ಇವಳು ಸುಮ್ಮನಿದ್ದಳು. ಯಾರಿಗೂ ಅದು ದೊಡ್ಡ ಸಂಗತಿ ಎನಿಸಲಿಲ್ಲ. ಗಂಡ ಕೆಟ್ಟವನೇನೂ ಅಲ್ಲ. ಅಲ್ಲಿ ಸೂಪರ್‌ಮಾರ್ಕೆಟಿನಲ್ಲಿ ಕೆಲಸ. ಡ್ಯೂಟಿಯ ಹೊತ್ತಿನಲ್ಲಿ ಫೋನನ್ನು ಲಾಕರಿನಲ್ಲಿ ಇಡಬೇಕು. ಒಟಿಪಿಯ ಆಯುಸ್ಸು ಹತ್ತು ನಿಮಿಷ. ನಮ್ಮಲ್ಲಿ ಎರಡೂವರೆ ಆದಾಗ ಅಲ್ಲಿ ಒಂದು ಗಂಟೆ, ಊಟದ ಬಿಡುವು. ಅಲ್ಲಿಯವರೆಗೆ ಅವಳು ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ ನನ್ನ ಬೆಂಚಿನ ಮೇಲೆ ಕುಳಿತಿದ್ದಳು. ನಡುವೆ ನನ್ನ ಎಕ್ಸೆಲ್ ಕಡತದ ಒಂದು ಸೂತ್ರ ಸರಿಪಡಿಸಿಕೊಟ್ಟಳು. ಎರಡೂವರೆಗೆ ಅವನು ಸಂಖ್ಯೆ ಕಳುಹಿಸಿದ, ‘ಇನ್ನೇನಾದರೂ ಬೇಕೇ?’ ಎಂದೂ ಕೇಳಿದ. ಒಳ್ಳೆಯ ಮನುಷ್ಯ. ಆದರೆ ಒಬ್ಬಳು ಎಂಜಿನಿಯರ್ ತಾನು ದುಡಿದ ಹಣವನ್ನು ತೆಗೆಯಲು ಇನ್ನೊಬ್ಬರ ಒಳ್ಳೆಯತನವನ್ನೂ ಊಟದ ಬಿಡುವನ್ನೂ ಕಾಯಬೇಕು ಎಂದಾದರೆ, ತಂತ್ರಜ್ಞಾನ ಕ್ಷೇತ್ರದಲ್ಲಿ ಮಹಿಳೆ ಎಲ್ಲಿದ್ದಾಳೆ ಎಂಬ ಭಾಷಣವನ್ನು ನಾವು ಈ ಬೆಂಚಿನಿಂದ ಶುರು ಮಾಡಬೇಕು.

ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಕಾಗದ ನಮ್ಮೆಲ್ಲರ ಮನೆಯಲ್ಲಿದೆ: ರೇಷನ್ ಕಾರ್ಡು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಫಲಾನುಭವಿ ಕುಟುಂಬದಲ್ಲಿ 18 ತುಂಬಿದ ಹೆಂಗಸರ ಪೈಕಿ ಹಿರಿಯಳೇ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ. ಗಂಡನ ಒಪ್ಪಿಗೆ ಕೇಳುವುದಿಲ್ಲ, ಮನೆಯಲ್ಲಿ ಚರ್ಚೆ ನಡೆಸಿ ಎನ್ನುವುದಿಲ್ಲ. ಕಾನೂನು ಬರೆದವರು ಒಂದು ಸಾಲು ಬರೆದರು, ಕಾರ್ಡಿನ ಮೊದಲ ಪುಟದಲ್ಲಿ ಅಮ್ಮಂದಿರ ಫೋಟೋ ಬಂತು. ಮೊದಮೊದಲು ಗೊಣಗಿದ ಗಂಡಸರು ಈಗ ಹೆಂಡತಿಯ ಫೋಟೋ ಇರುವ ಕಾರ್ಡು ಹಿಡಿದುಕೊಂಡು ಅಕ್ಕಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಅದೇ ಕಾರ್ಡಿಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು ಎಂದು ನಾನು ನೋಡುತ್ತೇನಲ್ಲ, ಅದು ಮತ್ತೆ ಗಂಡನದ್ದು. ಹೆಸರಿನ ಜಾಗದ ಬಗ್ಗೆ ಯಾರೋ ಯೋಚಿಸಿದ್ದರು, ನಂಬರಿನ ಜಾಗದ ಬಗ್ಗೆ ಯೋಚಿಸಲಿಲ್ಲ.

ಯೋಚಿಸದೆ ಇರುವುದಕ್ಕೆ ಕಾರಣವೂ ನನಗೆ ಹೊಳೆಯುತ್ತದೆ. ಇಂಥ ವ್ಯವಸ್ಥೆಗಳನ್ನು ಕಟ್ಟುವವರ ಜೇಬಿನಲ್ಲಿ ತಮ್ಮದೇ ಫೋನು ಸದಾ ಇರುತ್ತದೆ. ಒಬ್ಬರಿಗೆ ಒಂದು ಫೋನು ಎಂಬುದು ಅವರಿಗೆ ಗಾಳಿ-ನೀರಿನಷ್ಟು ಸಹಜ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ನಡೆದಾಗ, ತಾನೇ ಬಳಸುವ ಮೊಬೈಲ್ ಇದೆ ಎಂದು ಹೇಳಿದ ಹೆಂಗಸರು ದೇಶದಲ್ಲಿ ಶೇ. 54 ಮಾತ್ರ. ಇಂಟರ್‌ನೆಟ್ಟನ್ನು ಒಮ್ಮೆಯಾದರೂ ಬಳಸಿದ್ದೇನೆ ಎಂದವರು ಮೂವರಲ್ಲಿ ಒಬ್ಬಳು. ಕೇರಳದಲ್ಲಿ ಮೊಬೈಲಿನ ಲೆಕ್ಕ ಶೇ. 80ನ್ನು ದಾಟುತ್ತದೆ, ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2025ರ ಆಗಸ್ಟಿನಲ್ಲಿ ನಮ್ಮ ರಾಜ್ಯ ಸಂಪೂರ್ಣ ಡಿಜಿಟಲ್ ಸಾಕ್ಷರ ಎಂದು ಮುಖ್ಯಮಂತ್ರಿಗಳು ಘೋಷಿಸಿಯೂ ಆಗಿದೆ. ಹೆಮ್ಮೆ ಪಡೋಣ. ಆದರೆ ಕೈಯಲ್ಲಿರುವ ಫೋನಿನ ಸಿಮ್ ಯಾರ ಹೆಸರಿನಲ್ಲಿದೆ, ಅದರ ಲಾಕ್ ಯಾರಿಗೆಲ್ಲ ಗೊತ್ತು, ರೀಚಾರ್ಜ್ ಯಾರು ಮಾಡಿಸುತ್ತಾರೆ ಎಂಬ ಪ್ರಶ್ನೆಗಳು ಇಂಥ ಲೆಕ್ಕದೊಳಗೆ ಬರುವುದಿಲ್ಲ. ಅವು ನನ್ನ ಬೆಂಚಿಗೆ ಬರುತ್ತವೆ.

ಬೆರಳಿನ ಕತೆ ಇನ್ನೊಂದು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ನನ್ನ ಪ್ರಾಯದ ಎಷ್ಟೋ ಮಂದಿಯ ಮನೆಯ ಚಾವಡಿಯಲ್ಲಿ ಇದೇ ದೃಶ್ಯ. ಸಂಜೆ ಎಲೆಗೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುವುದು; ಬೆಳಿಗ್ಗೆ ತಗಡಿನ ಅಳತೆಯನ್ನು ಎಲೆಯ ಮೇಲೆ ಇಟ್ಟು ಕತ್ತರಿಸುವುದು; ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ನೂಲು ಬಿಗಿದು, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚುವುದು. 25ರ ಒಂದು ಕಟ್ಟು, ಸಾವಿರದ ಲೆಕ್ಕದಲ್ಲಿ ಮಜೂರಿ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಪರೀಕ್ಷೆ ಮಾಡುವವನು ಕೆಲವು ಕಟ್ಟುಗಳನ್ನು ಏನೂ ಹೇಳದೆ ಬದಿಗೆ ಎಸೆಯುತ್ತಿದ್ದ. ಕೊಟ್ಟ ಎಲೆಯ ತೂಕಕ್ಕೆ ಎಷ್ಟು ಬೀಡಿ ಬರಬೇಕು, ಎಷ್ಟು ತಿರಸ್ಕೃತವಾಯಿತು, ಎಷ್ಟು ಹಣ ಬರಬೇಕು ಎಂಬುದನ್ನು ಅಮ್ಮ ಬಾಯಲ್ಲೇ ಲೆಕ್ಕ ಹಾಕಿ ಅವನ ಪುಸ್ತಕದಲ್ಲಿ ತಪ್ಪು ಹಿಡಿಯುತ್ತಿದ್ದರು. ನಾನು ಪದವಿಯವರೆಗೆ ಓದಿದ್ದರಲ್ಲಿ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದ ಪಾಲು ದೊಡ್ಡದು. ಆ ಅರ್ಜಿಗೆ ಬೇಕಾದದ್ದು ಅಮ್ಮನ ಗುರುತುಚೀಟಿ. ಬೇರೆ ಎಲ್ಲ ಕಾಗದಗಳಲ್ಲೂ ನಾನು ಅಪ್ಪನ ಮಗಳು. ಆ ಒಂದರಲ್ಲಿ ಮಾತ್ರ ಅಮ್ಮನ ಮಗಳು.

ಈಗ ಅಮ್ಮನ ಸಮವಯಸ್ಕರು ಕ್ಷೇಮ ಪಿಂಚಣಿಯ ಮಸ್ಟರಿಂಗ್‌ಗೆ ನನ್ನಲ್ಲಿಗೆ ಬರುತ್ತಾರೆ. ತಾನು ಬದುಕಿದ್ದೇನೆ ಎಂದು ಯಂತ್ರಕ್ಕೆ ಬೆರಳು ತೋರಿಸುವ ಕೆಲಸ ಅದು. ಯಂತ್ರ ಒಪ್ಪುವುದಿಲ್ಲ. ಎಲೆ ಉಜ್ಜಿ, ನೂಲು ಎಳೆದು, ಅಡಿಕೆ ಸುಲಿದು, ಪಾತ್ರೆಗೆ ಬೂದಿ ತಿಕ್ಕಿ ಸವೆದ ಹೆಬ್ಬೆರಳಿನಲ್ಲಿ ಅದಕ್ಕೆ ಬೇಕಾದ ಗೆರೆಗಳು ಸಿಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಇನ್ನೊಂದು ಬೆರಳು ಇಡಿಸುತ್ತೇನೆ, ನಾನೇ ಮೇಲಿನಿಂದ ಒತ್ತಿ ಹಿಡಿಯುತ್ತೇನೆ. ಆಮೇಲೆ ಕಣ್ಣಿನ ಯಂತ್ರ. ಅದೂ ಪೊರೆ ಬಂದ ಕಣ್ಣಾದರೆ ತಕರಾರು. ಕೊನೆಗೆ ಬೇರೆ ಪ್ರಮಾಣಪತ್ರದ ದಾರಿ ಇದೆ, ಪಿಂಚಣಿ ತಪ್ಪುವುದಿಲ್ಲ. ಆದರೆ ಅಷ್ಟು ಹೊತ್ತು ಆ ಹೆಂಗಸು ತಾನೇ ಏನೋ ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡುತ್ತಾಳೆ. ನನಗೆ ಸಿಟ್ಟು ಬರುವುದು ಅಲ್ಲಿ. ಸವೆದ ಬೆರಳು ಈ ದೇಶದಲ್ಲಿ ಅಪರೂಪದ ವಸ್ತುವೇ? ದುಡಿದವರ ಬೆರಳು ಹಾಗೆಯೇ ಇರುತ್ತದೆ. ಬೀಡಿ ಕಟ್ಟಿದವಳ ಮಗಳೊಬ್ಬಳು ಆ ಯಂತ್ರವನ್ನು ವಿನ್ಯಾಸ ಮಾಡುವ ಮೇಜಿನ ಬಳಿ ಕುಳಿತಿದ್ದರೆ, ಮೊದಲ ದಿನವೇ ‘ನನ್ನ ಅಮ್ಮನ ಬೆರಳಿಗೆ ಇದು ಆಗುತ್ತದೆಯೇ?’ ಎಂದು ಕೇಳುತ್ತಿದ್ದಳು. ತಂತ್ರಜ್ಞಾನದಲ್ಲಿ ಹೆಂಗಸರು ಬೇಕು ಎಂದು ನಾನು ಹೇಳುವುದು ಇದಕ್ಕಾಗಿ. ಫೋಟೋಕ್ಕೆ ಅಂದ ಬರಲಿ ಎಂದಲ್ಲ.

ಫೋಟೋ ಎಂದಾಗ ನೆನಪಾಯಿತು. ಅಮೆರಿಕದಲ್ಲಿ 1946ರ ಫೆಬ್ರವರಿಯಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಬರೆದವರು ಆರು ಹೆಂಗಸರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಕೈಪಿಡಿ ಇರಲಿಲ್ಲ, ಯಂತ್ರದ ನಕ್ಷೆಗಳನ್ನು ಓದಿಯೇ ಅದನ್ನು ಹೇಗೆ ನಡೆಸುವುದೆಂದು ಕಂಡುಕೊಂಡರು. ಪ್ರದರ್ಶನ ಗೆದ್ದಿತು, ಅಂದು ರಾತ್ರಿ ಔತಣವಾಯಿತು, ಆ ಆರು ಮಂದಿಗೆ ಕರೆಯೋಲೆ ಇರಲಿಲ್ಲ. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತ ಈ ಹೆಂಗಸರು ಯಾರೆಂದು ವಿಚಾರಿಸಿದಾಗ, ಅವರು ಯಂತ್ರ ಚೆಂದ ಕಾಣಲಿ ಎಂದು ನಿಲ್ಲಿಸಿದ ಮಾಡೆಲ್‌ಗಳು ಎಂಬ ಉತ್ತರ ಸಿಕ್ಕಿತು. ಅವಳು ನಂಬದೆ ಹುಡುಕಿದ್ದರಿಂದ ಇವತ್ತು ಹೆಸರುಗಳು ನಮಗೆ ಗೊತ್ತಿವೆ.

ಆದರೆ ನನಗೆ ಹೆಚ್ಚು ಹತ್ತಿರದವಳು ಎನಿಸುವುದು ಇಂಗ್ಲೆಂಡಿನ ಸ್ಟೆಫನಿ ಶರ್ಲಿ. 1933ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ ತಂದೆಯ ಮಗಳು; ನಾಜಿಗಳಿಂದ ಮಕ್ಕಳನ್ನು ಪಾರುಮಾಡುತ್ತಿದ್ದ ರೈಲಿನಲ್ಲಿ ಐದನೇ ವಯಸ್ಸಿಗೆ ಇಂಗ್ಲೆಂಡ್ ಸೇರಿದವಳು. 1962ರಲ್ಲಿ ಕೈಯಲ್ಲಿದ್ದ ಆರು ಪೌಂಡಿನಲ್ಲಿ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಕಂಪನಿ ಶುರು ಮಾಡಿದಳು. ಕೆಲಸಕ್ಕೆ ತೆಗೆದುಕೊಂಡದ್ದು ಮದುವೆಯ ಕಾರಣಕ್ಕೋ ಮಕ್ಕಳ ಕಾರಣಕ್ಕೋ ಉದ್ಯೋಗ ಬಿಟ್ಟು ಮನೆಯಲ್ಲಿ ಕುಳಿತಿದ್ದ ಪ್ರೋಗ್ರಾಮರ್ ಹೆಂಗಸರನ್ನು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. ಮನೆಯಲ್ಲೇ ಕುಳಿತು ಪೆನ್ಸಿಲಿನಲ್ಲಿ ಪ್ರೋಗ್ರಾಂ ಬರೆದು ಅಂಚೆಗೆ ಹಾಕುತ್ತಿದ್ದರು.

ಕಂಪನಿಗಳಿಗೆ ಕೆಲಸ ಕೇಳಿ ಸ್ಟೆಫನಿ ಎಂದು ಸಹಿ ಹಾಕಿ ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಗಂಡ ಒಂದು ಉಪಾಯ ಹೇಳಿದ: ‘ಸ್ಟೀವ್’ ಎಂದು ಸಹಿ ಹಾಕಿ ನೋಡು. ಹಾಕಿದಳು, ಬಾಗಿಲು ತೆರೆಯಿತು. ಬಂದ ವ್ಯಕ್ತಿ ಗಂಡಸಲ್ಲ ಎಂದು ಅವರಿಗೆ ಗೊತ್ತಾಗುವ ಹೊತ್ತಿಗೆ ಇವಳು ಒಳಗೆ ಬಂದು ಕುರ್ಚಿಯಲ್ಲಿ ಕುಳಿತಾಗಿರುತ್ತಿತ್ತು. ಗಂಡಸಿನ ಹೆಸರನ್ನು ಹಾಕಿದರೆ ಮಾತ್ರ ಮುಂದಿನ ಪುಟ ತೆರೆಯುವುದು ನನಗೆ ಚೆನ್ನಾಗಿ ಪರಿಚಯ. ದಿನವೂ ಅದನ್ನೇ ಮಾಡುತ್ತೇನಲ್ಲ.

ಫೋನಿನಲ್ಲಿ ಗ್ರಾಹಕರ ಜತೆ ಮಾತಾಡುವಾಗ ಹಿಂದಿನಿಂದ ಮಗುವಿನ ಅಳು ಕೇಳಬಾರದೆಂದು ಅವಳು ಟೈಪ್‌ರೈಟರಿನ ಸದ್ದನ್ನು ಟೇಪಿನಲ್ಲಿ ಹಿಡಿದು, ಕರೆ ಬಂದಾಗ ಅದನ್ನು ಹಾಕುತ್ತಿದ್ದಳಂತೆ. ಕೇಳುವವರಿಗೆ ಗಡಿಬಿಡಿಯ ದೊಡ್ಡ ಕಚೇರಿ. ಇದನ್ನು ಓದಿ ನಾನು ಒಬ್ಬಳೇ ಕುಳಿತು ನಕ್ಕೆ. ಕೊರೋನಾ ಕಾಲದಲ್ಲಿ ಮನೆಯಿಂದ ಕೆಲಸ ಮಾಡಿದ ನಮ್ಮ ಹುಡುಗಿಯರು ಮೈಕ್ ಮುಚ್ಚಿಕೊಂಡು ಕುಕ್ಕರ್ ಇಳಿಸಲು ಓಡಿದ್ದನ್ನು ನಾನು ನೋಡಿದ್ದೇನೆ; ಅರುವತ್ತು ವರ್ಷ ಕಳೆದರೂ ಅಡಗಿಸಬೇಕಾದ ಸದ್ದು ಅದೇ. ಅಂದ ಹಾಗೆ ಕಾಂಕಾರ್ಡ್ ಎಂಬ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದದ್ದು ಈ ಮನೆಯಲ್ಲಿ ಕುಳಿತ ಹೆಂಗಸರೇ. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಬಂದಾಗ ಅವಳ ಕಂಪನಿ ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು ಎಂಬುದು ಈ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಶರ್ಲಿಯ ಕಂಪನಿಯ ಬಗ್ಗೆ ಓದುವಾಗ ನನಗೆ ನಮ್ಮ ಚಾವಡಿಯೇ ಕಣ್ಣ ಮುಂದೆ ಬಂತು. ಮನೆಯಲ್ಲಿ ಕುಳಿತು, ಮಕ್ಕಳನ್ನು ನೋಡಿಕೊಳ್ಳುತ್ತಾ, ಮಾಡಿದಷ್ಟಕ್ಕೆ ಕೂಲಿ ಎಣಿಸಿಕೊಳ್ಳುವುದನ್ನು ನಮ್ಮ ಊರಿನ ಹೆಂಗಸರು ಹಿಂದಿನಿಂದಲೂ ಮಾಡುತ್ತಾ ಬಂದಿದ್ದಾರೆ. ಅವಳ ಕಂಪನಿಯಲ್ಲಿ ಆದ ವ್ಯತ್ಯಾಸವೆಂದರೆ ಕೆಲಸಗಾರರಿಗೆ ಕಂಪನಿಯಲ್ಲಿ ಪಾಲು ಸಿಕ್ಕಿತು. ಮುಂದೆ ಅವರಲ್ಲಿ 70 ಮಂದಿ ದಶಲಕ್ಷಾಧಿಪತಿಗಳಾದರು, ಅದೂ ಪೌಂಡಿನಲ್ಲಿ. ಬ್ರಾಂಚಿನವನು ಬದಿಗೆಸೆದ ಕಟ್ಟುಗಳ ದುಡ್ಡು ನಮ್ಮ ಅಮ್ಮನಿಗೆ ಇನ್ನೂ ಬಂದಿಲ್ಲ.

ನಮ್ಮ ಕಡೆಯದ್ದನ್ನೂ ಹೇಳಬೇಕು. ಎ. ಲಲಿತಾ 15ರಲ್ಲಿ ಮದುವೆಯಾಗಿ 18ರಲ್ಲಿ ವಿಧವೆಯಾದವರು, ಕಂಕುಳಲ್ಲಿ ಹಸುಗೂಸು. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1940ರ ದಶಕದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಅದೇ ಕಾಲೇಜಿನಲ್ಲಿ ಅವರ ಜತೆಗಿದ್ದವರು ಪಿ.ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್. ಪ್ರಮಾಣಪತ್ರದಲ್ಲಿ ‘ಅವನು’ ಎಂದೇ ಅಚ್ಚಾಗಿತ್ತು. ಕಾಲೇಜಿನವರು ಅದನ್ನು ಶಾಯಿಯಲ್ಲಿ ಹೊಡೆದು ‘ಅವಳು’ ಎಂದು ಬರೆದುಕೊಟ್ಟರು. ತ್ರೇಸ್ಯಾ 1971ರಲ್ಲಿ ನಮ್ಮ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು; ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ನಮ್ಮ ಶಾಲೆಗಳ ಸಾಮಾನ್ಯಜ್ಞಾನದ ಪ್ರಶ್ನೆಯಲ್ಲಿ ಇವರು ಏಕೆ ಬರುವುದಿಲ್ಲವೋ ಗೊತ್ತಿಲ್ಲ.

ಇನ್ನು ಹೊತ್ತಿನ ವಿಷಯ. ಯಂತ್ರ ಕೈಗೆ ಬಂದರೆ ಸಾಲದು, ಯಾವ ಹೊತ್ತಿಗೆ ಬರುತ್ತದೆ ಎಂಬುದೂ ಮುಖ್ಯ. ಕೋಳಿಕ್ಕೋಡ್ ಕಡೆಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದು ಎಂಬ ನಿಯಮವಿತ್ತು. ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ ಒಪ್ಪಲಿಲ್ಲ, ಹಾಸ್ಟೆಲಿನಿಂದ ಹೊರಹಾಕಿದರು. ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು: ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯಡಿಯ ಖಾಸಗಿತನದ ಹಕ್ಕಿನ ಭಾಗ. ಹುಡುಗಿಯನ್ನು ವಾಪಸು ಸೇರಿಸಿಕೊಳ್ಳಿ ಎಂದರು. ಕೇರಳದ ಹೈಕೋರ್ಟಿನಲ್ಲಿ ಇಂಥದ್ದೊಂದು ತೀರ್ಪು ಇದೆ ಎಂದು ನಾನು ಆ ಮಾರ್ಚ್ 8ರ ಸಭೆಯಲ್ಲಿ ಹೇಳಿದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಪದವಿ ವಿದ್ಯಾರ್ಥಿನಿಯರಲ್ಲಿ ಒಬ್ಬಳಿಗೂ ಗೊತ್ತಿರಲಿಲ್ಲ. ಕೂಡಲೇ ಒಬ್ಬಳು ಫೋನಿನಲ್ಲಿ ಹುಡುಕಿ ಪಕ್ಕದವಳಿಗೆ ತೋರಿಸಿದಳು. ನನ್ನ ಐದು ನಿಮಿಷ ಸಾರ್ಥಕವಾದದ್ದು ಅಷ್ಟಕ್ಕೆ.

ಆರರಿಂದ ಹತ್ತು. ಮನೆಯಲ್ಲಿ ಇರುವ ಹುಡುಗಿಯರಿಗೂ ಕಷ್ಟದ ಹೊತ್ತು ಅದೇ. ನಮ್ಮ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ಬಿನ ಘಟಕಗಳಿವೆ. ಕನ್ನಡ ಮಾಧ್ಯಮದ ಮಕ್ಕಳೂ ಅನಿಮೇಷನ್, ಪ್ರೋಗ್ರಾಮಿಂಗ್, ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ದೀಪ ಉರಿಸುವುದು ಎಲ್ಲವನ್ನೂ ಕಲಿಯುತ್ತಾರೆ. ಪ್ರಾಜೆಕ್ಟ್ ಮುದ್ರಿಸಲು ನನ್ನಲ್ಲಿಗೆ ಬರುವ ಹುಡುಗಿಯರ ಕೆಲಸ ನೋಡಿದರೆ ಸಾಮರ್ಥ್ಯದ ಪ್ರಶ್ನೆಯೇ ಏಳುವುದಿಲ್ಲ. ಒಂಬತ್ತನೆಯ ತರಗತಿಯ ಒಬ್ಬಳು ತೋಟದ ಮಣ್ಣು ಒಣಗಿದರೆ ಬೀಪ್ ಎನ್ನುವ ಯಂತ್ರ ಮಾಡಿದ್ದಳು. ಅದರ ತಂತಿಯನ್ನು ಅವಳ ಅಜ್ಜಿಯ ಹಳೆಯ ಕೊಡೆಯ ಕಡ್ಡಿಗೆ ಸುತ್ತಿದ್ದಳು. ಶಾಲೆಯಲ್ಲಿ ಇವಳೂ ಹುಡುಗರೂ ಸಮ ಸಮ. ಮನೆಗೆ ಹೋದ ಮೇಲೆ ಲ್ಯಾಪ್‌ಟಾಪು ಅಣ್ಣನ ಕೋಣೆಯಲ್ಲಿ, ಇವಳು ಅಡುಗೆಮನೆಯಲ್ಲಿ. ‘ಅಣ್ಣ ಮಲಗಿದ ಮೇಲೆ ಸಿಗುತ್ತದೆ ಟೀಚರೇ’ ಎಂದಳು. ನಾನು ಟೀಚರ್ ಅಲ್ಲ, ಆದರೆ ಕಾಸರಗೋಡಿನಲ್ಲಿ ಕನ್ನಡಕ ಹಾಕಿದ ಹೆಂಗಸರೆಲ್ಲ ಟೀಚರೇ. ಅಣ್ಣ ಮಲಗುವುದು ರಾತ್ರಿ ಒಂದಕ್ಕಂತೆ, ಅವನಿಗೆ ಆಟವಿದೆ. ಹತ್ತು ವರ್ಷ ಕಳೆದು ಇವರಿಬ್ಬರೂ ಒಂದೇ ಸಂದರ್ಶನಕ್ಕೆ ಹೋದಾಗ, ಹುಡುಗರಿಗೆ ಕಂಪ್ಯೂಟರಿನಲ್ಲಿ ಸಹಜವಾಗಿಯೇ ಆಸಕ್ತಿ ಹೆಚ್ಚು ಎಂದು ಯಾರೋ ಹೇಳುತ್ತಾರೆ. ಆ ಸಹಜ ಆಸಕ್ತಿ ಬೆಳೆಯುತ್ತಿದ್ದ ಹೊತ್ತಿನಲ್ಲಿ ತಂಗಿ ಚಪಾತಿ ಲಟ್ಟಿಸುತ್ತಿದ್ದಳು.

ಅವಳ ಅಮ್ಮನನ್ನು ನಾನು ಬಲ್ಲೆ, ಒಮ್ಮೆ ಕೇಳಿಯೂ ಕೇಳಿದೆ. ಏಳರಿಂದ ಒಂಬತ್ತು ಮಗಳಿಗೆ, ಆಮೇಲೆ ಮಗನಿಗೆ ಎಂದು ಮಾಡಬಹುದಲ್ಲ? ‘ಚಪಾತಿ?’ ಎಂದರು. ಮಗ ಲಟ್ಟಿಸಲಿ ಎಂದೆ. ನಕ್ಕು ಹೋದರು. ಆಮೇಲೆ ಏನಾಯಿತೋ, ಹುಡುಗಿ ಈಗೀಗ ಪ್ರಾಜೆಕ್ಟನ್ನು ಮೊದಲೇ ಮುಗಿಸಿ ತರುತ್ತಾಳೆ. ಚಪಾತಿ ಯಾರು ಲಟ್ಟಿಸುತ್ತಾರೆ ಎಂದು ಕೇಳುವ ಅಧಿಕಾರ ನನಗಿಲ್ಲ, ಕುತೂಹಲವಂತೂ ಇದೆ.

ನನ್ನ ಕೈಯಲ್ಲಿ ಆಗುವುದು ಸಣ್ಣ ಕೆಲಸಗಳು. ಬಾಗಿಲಿನಲ್ಲಿ ಒಂದು ಬೋರ್ಡು ಹಾಕಿದ್ದೇನೆ: ‘ಆಧಾರ್‌ನಲ್ಲಿ ನಿಮ್ಮದೇ ಮೊಬೈಲ್ ನಂಬರ್ ಸೇರಿಸಿಕೊಡಲಾಗುವುದು. ದಾಖಲೆ ಬೇಡ, ನೀವೇ ಬಂದರೆ ಸಾಕು.’ ನಿಯಮ ಇರುವುದೇ ಹಾಗೆ. ಮೊಬೈಲ್ ನಂಬರ್ ಬದಲಿಸಲು ಗುರುತಿನ ಬೇರೆ ಕಾಗದ ಕೇಳುವುದಿಲ್ಲ, ಬೆರಳೋ ಕಣ್ಣೋ ಹೊಂದಿದರೆ ಆಯಿತು. ಇದನ್ನು ಕನ್ನಡದಲ್ಲಿ ಬರೆದು ಹಾಕಿದ ಮೇಲೆ ಬರುವವರು ಹೆಚ್ಚಾದರು. ಇಮೇಲ್ ಮಾಡಿಕೊಡುವಾಗ ಪಾಸ್‌ವರ್ಡ್ ಹಾಕುವುದಕ್ಕೆ ನಾನು ಮುಖ ತಿರುಗಿಸಿ ಕುಳಿತುಕೊಳ್ಳುತ್ತೇನೆ. ‘ನೀವೇ ಏನಾದರೂ ಹಾಕಿ’ ಎಂದು ಅವರು ಹೇಳಿದರೆ ಒಪ್ಪುವುದಿಲ್ಲ. ಮೊದಲ ಪಾಸ್‌ವರ್ಡ್ ಹಾಕಲು ಕೆಲವರಿಗೆ ಅರ್ಧ ಗಂಟೆ ಬೇಕಾಗುತ್ತದೆ. ಹಿಂದೆ ಸಾಲಿನಲ್ಲಿ ನಿಂತವರು ಬೈದರೆ ಬೈಯಲಿ.

ಬೈಯುವವರು ಇದ್ದಾರೆ. ಒಬ್ಬರು ಫೋನ್ ಮಾಡಿ, ‘ನಮ್ಮ ಮನೆಯ ನಂಬರನ್ನು ಏಕೆ ಬದಲಿಸಿದಿರಿ?’ ಎಂದು ಕೇಳಿದರು. ಮನೆಯದ್ದನ್ನು ಬದಲಿಸಿಲ್ಲ, ನಿಮ್ಮ ಹೆಂಡತಿಯದ್ದನ್ನು ಅವರೇ ಬಂದು ಬದಲಿಸಿಕೊಂಡರು ಎಂದೆ. ‘ಅವಳಿಗೆ ಮೋಸದ ಕರೆ ಬಂದರೆ ಯಾರು ಜವಾಬ್ದಾರಿ?’ ಎಂದರು. ಇದು ನ್ಯಾಯವಾದ ಪ್ರಶ್ನೆ. ಆನ್‌ಲೈನ್ ಮೋಸದಲ್ಲಿ ಹಣ ಕಳೆದುಕೊಂಡು ನನ್ನಲ್ಲಿಗೆ ದೂರು ಸಲ್ಲಿಸಲು ಬಂದವರಲ್ಲಿ ಗಂಡಸರೇ ಹೆಚ್ಚು ಎಂದು ಅವರಿಗೆ ತಿಳಿಸಿದೆ, ಮೋಸವಾದ ಕೂಡಲೇ 1930ಕ್ಕೆ ಕರೆ ಮಾಡಬೇಕೆಂದು ನಂಬರೂ ಕೊಟ್ಟೆ. ಬರೆದುಕೊಂಡರು. ಅತ್ತೆಯಂದಿರು ಅಡ್ಡ ಬರುತ್ತಾರೆ ಎಂದು ಎಲ್ಲರೂ ಹೇಳುವುದುಂಟು. ನನ್ನ ಕೇಂದ್ರದಲ್ಲಿ ಕಂಡದ್ದು ಬೇರೆ. ಸೊಸೆಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿ ತಂದು ‘ಇವಳದ್ದು ಇವಳ ಹೆಸರಿಗೆ ಮಾಡಿ, ನನ್ನದು ಹೇಗೂ ಮುಗಿಯಿತು’ ಎಂದವರು ಅತ್ತೆಯಂದಿರೇ. ‘ನಿಮ್ಮದೂ ಮಾಡೋಣ, ಕುಳಿತುಕೊಳ್ಳಿ’ ಎಂದು ಹೇಳಬೇಕಾಗುತ್ತದೆ.

ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಒಂದು ಅಯಲ್ಕೂಟದವರು, ಎಂದರೆ ನೆರೆಹೊರೆಯ ಹೆಂಗಸರ ಗುಂಪಿನವರು, ತಮಗೆ ಮೊಬೈಲ್ ಕಲಿಸಿಕೊಡಿ ಎಂದು ಕೇಳಿದ್ದರಿಂದ ಭಾನುವಾರ ಮಧ್ಯಾಹ್ನ ಒಂದು ತರಗತಿ ಶುರುವಾಗಿದೆ. ಹಣ ಕಳುಹಿಸುವುದು, ಬಸ್ಸಿನ ಟಿಕೆಟು, ಆಸ್ಪತ್ರೆಯ ಚೀಟಿ ಎಂದು ನಾನು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಮೊದಲು ಕೇಳಿದ್ದು ಫೋನಿಗೆ ಲಾಕ್ ಹಾಕುವುದು ಹೇಗೆ ಎಂದು. ಎರಡನೆಯದು, ಸಾಲು ಸಾಲಾಗಿ ಬರುವ ಶುಭೋದಯದ ಹೂವಿನ ಚಿತ್ರಗಳನ್ನು ಒಟ್ಟಿಗೆ ಅಳಿಸುವುದು ಹೇಗೆ. ಮೂರನೆಯದು, ಬೀಡಿ ಕಾರ್ಮಿಕರ ಪಿಂಚಣಿ ಎಷ್ಟು ಜಮೆಯಾಯಿತು ಎಂದು ಬ್ಯಾಂಕಿಗೆ ಹೋಗದೆ ನೋಡುವುದು. ಮೂರನ್ನೂ ಮಾಡಿ ಮುಗಿಸಿದೆವು. ನನ್ನ ಪಟ್ಟಿ ಚೀಲದಲ್ಲೇ ಉಳಿಯಿತು.

ಬರುವ ಭಾನುವಾರ ಎರಡು ಗಂಟೆಗೆ ಮತ್ತೆ ತರಗತಿ ಇದೆ. ಯಾವ ಅಯಲ್ಕೂಟದವರಾದರೂ ಬರಬಹುದು, ಅಯಲ್ಕೂಟ ಇಲ್ಲದವರೂ ಬರಬಹುದು. ಫೋನು ತನ್ನಿ, ಚಾರ್ಜ್ ಮಾಡಿ ತನ್ನಿ. ಆಧಾರ್ ನಂಬರ್ ಸರಿಪಡಿಸಿಕೊಳ್ಳುವವರು ಕಾರ್ಡು ತಂದರೆ ಸಾಕು, ಮನೆಯವರನ್ನು ಕರೆತರಬೇಕೆಂದಿಲ್ಲ. ಕೆಳಗಿನ ಅಂಗಡಿಗೆ ಅಂದು ರಜೆ, ಟರ್ಪೆಂಟೈನಿನ ವಾಸನೆಯೂ ಇರುವುದಿಲ್ಲ.